ಹಗುರಾದ ಪೆಟ್ಟಿಗೆಗಳು

ಜೂನ್ 3

ಮಗಳೇ,

ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದೇನೆಂದರೆ ಕಾರಣವಿದೆ. ಇಲ್ಲಿ ತನ್ನ ಮನೆಯಲ್ಲಿ ನಿನ್ನ ಚಿಕ್ಕಮ್ಮ ನನ್ನ ಮಂಚದ ಪಕ್ಕ ಬಿಟ್ಟು ಕದಲುವುದಿಲ್ಲ. ನನಗೆ ಕಿವಿ ಮಂದ, ಫೋನಿನಲ್ಲಿ ಕಿರುಚಿಯೇ ಮಾತಾಡಬೇಕು. ನಾನು ಒಂದು ಮಾತಾಡಿದರೆ ಅವಳ ಬಾಯಲ್ಲಿ ಅದು ಸಂಜೆಯೊಳಗೆ ಹತ್ತಾಗುತ್ತದೆ. ನಿನ್ನ ಕಡೆಯ ಫೋನೋ, ಉಗ್ರಾಣ ನೋಡಿಕೊಳ್ಳುವ ಕೀಲಿಯಕ್ಕನ ಮೇಜಿನ ಮೇಲಿದೆ. ಮೊಬೈಲಿನಲ್ಲಿ ಬೆರಳಿಂದ ಕುಟ್ಟುವುದು ನನಗೆ ಬಾರದು. ಈಗ ಹೇಳಬೇಕಾದದ್ದು ಕೀಲಿಯಕ್ಕನ ವಿಷಯವೇ.

ಸೊಂಟದ ಮೂಳೆ ಕೂಡಿಕೊಳ್ಳಲು ಇನ್ನೂ ಮೂರು ತಿಂಗಳು ಎಂದಿದ್ದಾರೆ ಡಾಕ್ಟರು. ಆಸ್ಪತ್ರೆಯ ದಾಖಲೆ ಕೋಣೆಯ ಕೆಲಸಕ್ಕೆ ರಜೆ ಹಾಕಿ ನೀನು ಬಡಗಿ ಸಂಸ್ಥೆಯಲ್ಲಿ ನನ್ನ ಕಾರ್ಯದರ್ಶಿ ಕುರ್ಚಿಯಲ್ಲಿ ಹೋಗಿ ಕೂತೆಯಲ್ಲ, ಅದನ್ನು ಮರೆಯುವವಳಲ್ಲ ನಾನು. ಆದರೆ ಸಂಸ್ಥೆಯನ್ನು ನೀನು ನೋಡಿರುವುದು ಹೊರಗಿನಿಂದ. ಒಳಗಿನದನ್ನು ಹೇಳುತ್ತೇನೆ, ಕೇಳು.

ಕಾರ್ಯಾಗಾರದ ಹಿಂದಿನ ಉಗ್ರಾಣದಲ್ಲಿ ಇಪ್ಪತ್ತಾರು ಮರದ ಪೆಟ್ಟಿಗೆಗಳಿವೆ. ಒಂದೊಂದೂ ಒಬ್ಬೊಬ್ಬ ಬಡಗಿಯ ಹತ್ಯಾರು. ಕೆಲವರು ಮುದುಕರಾಗಿ ಕೈಬಿಟ್ಟವರು, ಹೆಚ್ಚಿನವರು ತೀರಿಕೊಂಡವರು. ಕುರ್ಚಿ ಮೇಜು ಮಾಡುವುದನ್ನು ಕಲಿಯಲು ಬರುವವರಿಗೆ ಸ್ವಂತ ಉಳಿ ಕೊಳ್ಳಲು ಕೈಲಾಗುವುದಿಲ್ಲ. ಅವರು ಕೆಲಸ ಕಲಿಯುವುದು ಈ ಪೆಟ್ಟಿಗೆಗಳಿಂದ. ಪೆಟ್ಟಿಗೆಗಳಿಲ್ಲದಿದ್ದರೆ ಸಂಸ್ಥೆ ಇಲ್ಲ, ಅಷ್ಟೆ.

ನಾನು ಬಿದ್ದ ಹಿಂದಿನ ದಿನ ನಾಲ್ಕನೆಯ ಪೆಟ್ಟಿಗೆಯನ್ನು ಬದಿಗೆ ಸರಿಸಿದೆ. ಎರಡು ಕೈ ಬೇಕಾಗಿದ್ದ ಪೆಟ್ಟಿಗೆ ಒಂದೇ ಕೈಗೆ ಬಂತು. ಬೀಗ ಹಾಕಿದ್ದರಿಂದ ಒಳಗೆ ನೋಡಲಾಗಲಿಲ್ಲ. ಕೀಲಿ ಇರುವುದು ಕೀಲಿಯಕ್ಕನ ಸೊಂಟದಲ್ಲಿ.

ನೀನು ಪೆಟ್ಟಿಗೆಗಳನ್ನು ಎಣಿಸಬೇಡ. ಎತ್ತಿ ನೋಡು. ಯಾರ ಮುಂದೆಯೂ ಬಾಯಿ ಬಿಡಬೇಡ. ಉತ್ತರ ಬರೆಯುವಾಗ ಲಕೋಟೆಯ ಅಂಚಿಗೆ ಎರಡು ಸಲ ಗೋಂದು ಹಚ್ಚು; ನಿನ್ನ ಚಿಕ್ಕಮ್ಮ ಅಡುಗೆಮನೆಯಲ್ಲಿ ಹಬೆ ಬರುವ ಪಾತ್ರೆ ಇಟ್ಟುಕೊಂಡೇ ಅಂಚೆಯವನನ್ನು ಕಾಯುತ್ತಾಳೆ ಎಂದು ನನ್ನ ಗುಮಾನಿ.

ನಿನ್ನ ಅಮ್ಮ


ಜೂನ್ 11

ಅಮ್ಮಾ,

ಎತ್ತಿ ನೋಡಿದೆ. ಕೀಲಿಯಕ್ಕ ಮಧ್ಯಾಹ್ನ ಉಗ್ರಾಣದ ಬಾಗಿಲು ತೆರೆದಿಟ್ಟು ಊಟಕ್ಕೆಂದು ಕೂತಾಗ, ನಾನು ಆ ಧೂಳಿನಲ್ಲಿ ಸಿಂಬಳ ಸುರಿಸುತ್ತ. ಐದು ಪೆಟ್ಟಿಗೆ ಹಗುರ. ಎರಡು, ನಾಲ್ಕು, ಏಳು, ಹನ್ನೊಂದು ಪೂರ್ತಿ ಖಾಲಿ ಎನಿಸಿತು. ಹದಿನಾಲ್ಕನೆಯದರಲ್ಲಿ ಏನೋ ಒಂದೆರಡು ಸಾಮಾನು ಲೊಡಲೊಡ ಅಂದವು.

ದಾಖಲೆ ಪುಸ್ತಕ ನೋಡಿದೆ. ಐದರ ಮುಂದೆಯೂ ಅವರ ದುಂಡಗಿನ ಅಕ್ಷರದಲ್ಲಿ ‘ದುರಸ್ತಿಗೆ ಕಳಿಸಿದೆ’ ಎಂದಿದೆ. ತಾರೀಖಿಲ್ಲ. ಹನ್ನೆರಡು ವರ್ಷ ರೋಗಿಗಳ ಕಡತ ನೋಡಿದವಳು ನಾನು, ತಾರೀಖಿಲ್ಲದ ಸಾಲು ಕಂಡರೆ ನನಗೆ ಕೈ ಕಡಿಯುತ್ತದೆ. ಮೆಲ್ಲಗೆ ಕೇಳಿದೆ.

“ಕೀಲಿಯಕ್ಕ, ಈ ದುರಸ್ತಿಗೆ ಹೋದವು ಯಾವಾಗ ವಾಪಸ್ ಬರ್ತವೆ?”

ಅವರು ಒಂದು ಉಳಿಗೆ ಎಣ್ಣೆ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ. “ಬರೋದಿದ್ರೆ ಬರ್ತವೆ ಬಿಡೇ. ನೀನು ನಿಮ್ಮಮ್ಮನ ಕಾಗದಪತ್ರ ನೋಡ್ಕೋ ಹೋಗು.”

ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ಸರಿಬರಲಿಲ್ಲ. ಕಳ್ಳತನ ಮಾಡಿದವರು ಒಂದೋ ಹೆದರಬೇಕು, ಇಲ್ಲವೇ ಗದರಬೇಕು. ಇವರು ನನ್ನನ್ನು ಕಂಡು ಪಾಪ ಅನ್ನುವ ಹಾಗೆ ನೋಡಿದರು.

ಅಮ್ಮಾ, ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವರು ಅವರು. ನೀನು ಸಂಸ್ಥೆ ಸಂಸ್ಥೆ ಎಂದು ಓಡಾಡುತ್ತಿದ್ದಾಗ ಅನ್ನ ಹಾಕಿದವರು. ಬೇರೆ ಯಾರ ಮೇಲಾದರೂ ಅನುಮಾನ ಪಡಲು ಬರುವುದಿಲ್ಲವೇ? ಪಾಠ ಹೇಳುವ ಮೇಷ್ಟ್ರು ಇದ್ದಾರೆ. ಅವರ ಬಳಿ ಉಗ್ರಾಣದ ಕೀಲಿ ಇಲ್ಲ, ನಿಜ. ಆದರೂ ನೀನು ಹೂಂ ಅಂದರೆ ಅವರ ಮೇಲೆ ಅನುಮಾನಪಡಲು ನಾನು ತಯಾರಿದ್ದೇನೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಹಾಡನ್ನು ಶಿಳ್ಳೆ ಹಾಕುತ್ತಾರೆ.

ಸೊಂಟ ಹೇಗಿದೆ? ವ್ಯಾಯಾಮ ಮಾಡುತ್ತಿದ್ದೀಯೋ, ಮಾಡಿದೆ ಎಂದು ನರ್ಸಿಗೆ ಹೇಳುತ್ತಿದ್ದೀಯೋ?

ನಿನ್ನ ಮಗಳು


ಜೂನ್ 16

ಮಗಳೇ,

ಮೇಷ್ಟ್ರನ್ನು ಬಿಡು. ಅವನು ತನ್ನ ಚಪ್ಪಲಿಯನ್ನೇ ವಾರಕ್ಕೊಮ್ಮೆ ಕಳೆದುಕೊಳ್ಳುವ ಮನುಷ್ಯ, ಅವನ ಕೈಲಿ ಕಳ್ಳತನ ಆಗುವುದಲ್ಲ.

ಹಳೆಯ ಹತ್ಯಾರಿಗೆ ಈಗ ಗಿರಾಕಿಗಳಿದ್ದಾರೆ, ಗೊತ್ತೇ? ಕೆಲಸಕ್ಕಲ್ಲ, ಗೋಡೆಗೆ ನೇತುಹಾಕಲು. ಹೋಟೆಲಿನವರು, ಹೊಸ ಮನೆ ಕಟ್ಟಿಸಿದವರು. ನೂರು ಕುರ್ಚಿ ಕಂಡ ಕೀಸುಳಿಯನ್ನು ಗಾಜಿನ ಹಿಂದೆ ಇಟ್ಟು ದೀಪ ಬಿಡುತ್ತಾರೆ. ಅವಳು ಅಂಥವರ ಕೈಗೆ ಸಿಕ್ಕಿರಬೇಕು. ಜಡೆ ಹಾಕಿದಳು, ಅನ್ನ ಹಾಕಿದಳು, ಎಲ್ಲ ಸರಿ. ಮೂವತ್ತು ವರ್ಷದ ಸ್ನೇಹವೆಂದು ನಾನೂ ಕಣ್ಣು ಮುಚ್ಚಿಕೊಂಡಿದ್ದೆ. ಈಚೆಗೆ ಅವಳು ನನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದಳು, ಅದನ್ನು ನಿನಗೆ ಹೇಳಿರಲಿಲ್ಲ.

ಪೇಟೆಯ ತುದಿಯಲ್ಲಿ ಸಾಣೆ ಹಿಡಿಯುವವನಿದ್ದಾನೆ, ನಮ್ಮ ದುರಸ್ತಿ ಕೆಲಸವೆಲ್ಲ ಅವನದೇ. ಅವನನ್ನು ಕೇಳು. ಅವಳು ಶನಿವಾರ ಮಧ್ಯಾಹ್ನ ಎಲ್ಲಿಗೆ ಹೋಗುತ್ತಾಳೆ ಎಂಬುದನ್ನೂ ನೋಡು. ನಾನು ಇದ್ದಾಗ ತಂಗಿಯ ಮನೆಗೆ ಎನ್ನುತ್ತಿದ್ದಳು. ಅವಳಿಗೆ ತಂಗಿಯೇ ಇಲ್ಲ.

ಸಾಕ್ಷಿ ಸಿಕ್ಕರೆ ಬರೆದಿಡು. ತಾರೀಖು ಹಾಕಿ.

ಅಮ್ಮ


ಜೂನ್ 28

ಅಮ್ಮಾ,

ಸಾಣೆಯವನ ಹತ್ತಿರ ಹೋಗಿದ್ದೆ. ಚಕ್ರ ನಿಲ್ಲಿಸದೆಯೇ ಹೇಳಿದ, “ನಿಮ್ಮ ಕಡೆಯಿಂದ ಒಂದು ವರ್ಷದಿಂದ ಒಂದು ಉಳೀನೂ ಬಂದಿಲ್ಲಮ್ಮ. ಆ ಅಕ್ಕ ತಾನೇ ಮಸೀತಾಳಂತೆ. ನನ್ನ ಹೊಟ್ಟೆ ಮೇಲೆ ಹೊಡೀತಿದಾಳೆ ಅಂತ ಹೇಳಿ.”

ಹಾಗಾದರೆ ದುರಸ್ತಿ ಎಂಬುದು ಸುಳ್ಳು. ಅದನ್ನು ನಾನೇ ಕಿವಿಯಾರೆ ಕೇಳಿದ ಮೇಲೆ ಶನಿವಾರ ಸುಮ್ಮನಿರಲಾಗಲಿಲ್ಲ.

ಎರಡು ಗಂಟೆಗೆ ಕೀಲಿಯಕ್ಕ ಉಗ್ರಾಣದಿಂದ ಬಟ್ಟೆಯ ಚೀಲ ಹಿಡಿದು ಹೊರಬಿದ್ದರು. ಚೀಲದ ತಳ ಜೋತುಬಿದ್ದಿತ್ತು, ಒಳಗೆ ಕಬ್ಬಿಣವಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ನಾನು ಕೊಡೆ ಬಿಚ್ಚಿಕೊಂಡು ಹಿಂದೆ ಹೊರಟೆ. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ಇಡೀ ಬೀದಿಯಲ್ಲಿ ಕೊಡೆ ಬಿಚ್ಚಿದವಳು ನಾನೊಬ್ಬಳೇ. ಅವರು ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತಿದರು, ನಾನು ಹಿಂದಿನದರಲ್ಲಿ. ಇಳಿಯುವಾಗ ಒಬ್ಬ ಹುಡುಗಿ ಅವರ ಚೀಲಕ್ಕೆ ಕೈ ಕೊಡಲು ಹೋದಳು. ಅವರು ಕೊಡಲಿಲ್ಲ, ಎದೆಗೆ ಅವಚಿಕೊಂಡರು.

ಬಸ್ ರಿಪೇರಿ ಮಾಡುವ ದೊಡ್ಡ ಶೆಡ್ಡಿನ ಹಿಂದೆ ಒಂದು ಓಣಿ. ಒಂದು ಕಡೆ ಪೂರ್ತಿ ಶೆಡ್ಡಿನ ಗೋಡೆ, ಇನ್ನೊಂದು ಕಡೆ ಮನೆಗಳು. ಮೂರನೆಯ ಮನೆಯ ಮುಂದೆ ನಿಂತರು. ಬಾಗಿಲು ತೆರೆದವಳು ನರೆತ ಜಡೆಯ ಹೆಂಗಸು. ಒಳಗೆ ಹೋದರು. ನಾನು ನೀರಿನ ಟ್ಯಾಂಕಿನ ಮರೆಯಲ್ಲಿ ಅರ್ಧ ಗಂಟೆ ನಿಂತೆ. ಹೊರಗೆ ಬಂದಾಗ ಚೀಲವನ್ನು ನಾಲ್ಕು ಮಡಿಕೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಬಾಗಿಲಲ್ಲಿ ಆ ಹೆಂಗಸು ಅವರ ಕೈ ಹಿಡಿದುಕೊಂಡು ಏನೋ ಹೇಳಿದಳು. ಕೀಲಿಯಕ್ಕ ಕೈ ಬಿಡಿಸಿಕೊಂಡು ಬಿರಬಿರನೆ ನಡೆದರು.

ಪಕ್ಕದ ಮನೆಯಲ್ಲಿ ಕೇಳಿದೆ. ಆ ಹೆಂಗಸು ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಾಳಂತೆ. ಗೋಡೆಗೆ ನೇತುಹಾಕುವವರ ಪೈಕಿ ಅಲ್ಲ, ಅಮ್ಮಾ. ಅವಳ ಗೋಡೆಗೇ ಸುಣ್ಣವಿಲ್ಲ.

ನನಗೆ ಅರ್ಥವಾಗುತ್ತಿಲ್ಲ. ನಿನಗೆ ಆಗುತ್ತಿದೆಯೇ?

ಮಗಳು


ಜುಲೈ 2

ಮಗಳೇ,

ಸಾಕು. ನಿನ್ನ ಕೆಲಸ ಮುಗಿಯಿತು. ಉಗ್ರಾಣದ ಬೀಗ ಬದಲಾಯಿಸು. ಅವಳ ಕೈಯಿಂದ ಕೀಲಿಗೊಂಚಲು ಇಸಿದುಕೋ, ಸಂಸ್ಥೆಯ ಸದಸ್ಯರ ಸಭೆ ಕರೆ, ನೀನು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳು. ಪೆಟ್ಟಿಗೆ ಖಾಲಿ, ದುರಸ್ತಿ ಸುಳ್ಳು, ಚೀಲದಲ್ಲಿ ಕಬ್ಬಿಣ. ಇನ್ನೇನೂ ಬೇಡ. ಯಾಕೆ, ಯಾರಿಗೆ ಎಂಬ ತನಿಖೆ ನಿನಗೆ ಬೇಕಿಲ್ಲ.

ಆ ಹಸಿರು ಬಾಗಿಲಿನ ಮನೆಗೆ ಮಾತ್ರ ಕಾಲಿಡಬೇಡ. ಅವರಿವರ ಗೋಳು ಕೇಳುತ್ತ ಕೂತರೆ ಸಂಸ್ಥೆ ನಡೆಯುವುದಿಲ್ಲ.

ಹದಿನೈದರ ಒಳಗೆ ಆಗಲಿ.

ಅಮ್ಮ


ಜುಲೈ 9

ಅಮ್ಮಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಂತರ ನಾನು ಬರೆದದ್ದನ್ನು ನೆನಪಿಸಿಕೊಂಡೆ. ಮೂರನೆಯ ಮನೆ ಎಂದು ಬರೆದಿದ್ದೆ. ನರೆತ ಜಡೆ ಎಂದು ಬರೆದಿದ್ದೆ. ಬಾಗಿಲಿನ ಬಣ್ಣ ಬರೆದಿರಲಿಲ್ಲ.

ಬಾಗಿಲು ಹಸಿರೇ.

ಬೀಗ ಬದಲಾಯಿಸಲಿಲ್ಲ. ಆ ಮನೆಗೆ ಹೋದೆ. ಹೆಂಗಸು ನನ್ನನ್ನು ನೋಡಿದ ಕೂಡಲೇ, “ಕೊಡೆ ಹುಡುಗಿ ನೀನೇ ತಾನೆ?” ಎಂದಳು. ಟ್ಯಾಂಕಿನ ಮರೆಯಲ್ಲಿ ನನ್ನನ್ನು ಇಡೀ ಓಣಿ ನೋಡಿತ್ತಂತೆ. ಒಳಗೆ ಕೂರಿಸಿದಳು. ಕೋಣೆಯ ತುಂಬ ನೆನೆಹಾಕಿದ ಬೆತ್ತದ ವಾಸನೆ. ಅರ್ಧ ಹೆಣೆದ ಕುರ್ಚಿಯೊಂದು ಕಾಲು ಮೇಲಾಗಿ ಬಿದ್ದಿತ್ತು. ಕಿಟಕಿಯ ಹಲಗೆಯ ಮೇಲೆ, ದಾಖಲೆ ಪುಸ್ತಕದಲ್ಲಿ ನಾನು ಓದಿದ್ದ ನಾಲ್ಕನೆಯ ಪೆಟ್ಟಿಗೆಯ ಸಾಮಾನು, ಒಂದರ ಪಕ್ಕ ಒಂದು, ಬಟ್ಟೆಯ ಮೇಲೆ ಜೋಡಿಸಿಟ್ಟಿತ್ತು.

“ನಮ್ಮೋರದ್ದು” ಅಂದಳು. “ಕೀಲಿಯಕ್ಕ ಮಸೆಯೋಕೆ ಅಂತ ಇಟ್ಕೊಂಡಿದ್ದ ಉಳಿಗಳೂ ಆ ಶನಿವಾರ ಬಂದ್ವು. ಒಂಬತ್ತು ವರ್ಷ ಆಯ್ತು ನಮ್ಮ ಯಜಮಾನ್ರು ಹೋಗಿ. ಹೋಗಿ ತಿಂಗಳಿಗೆ ನಿಮ್ಮಮ್ಮ ಬಂದ್ರು. ಪಕ್ಕ ಕೂತ್ಕೊಂಡು ನನ್ನ ಬೆನ್ನು ಸವರಿದ್ರು. ಸುಮ್ನೆ ಇಟ್ರೆ ತುಕ್ಕು ಹಿಡಿಯುತ್ತೆ, ನಮ್ಮಲ್ಲಿಡಿ, ಕಲಿಯೋರ ಕೈಯಲ್ಲಿ ಓಡಾಡ್ತಿರ್ಲಿ, ನಿಮ್ಮ ಮಗಳಿಗೆ ಯಾವತ್ತು ಬೇಕಾದ್ರೂ ವಾಪಸ್ ತಗೊಳ್ಳಿ ಅಂದ್ರು. ಹಳದಿ ಕಾಗದ ಕೊಟ್ರು. ನನ್ನ ಹತ್ರ ಇದೆ.”

ತೋರಿಸಿದಳು. ‘ಎರವಲು’ ಎಂದು ಅಚ್ಚಾಗಿದೆ. ಕೆಳಗೆ ಅವಳ ಹೆಸರು, ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ, ಗೆರೆಯಿಂದ ಜಾರಿಕೊಂಡು.

“ಹೋದ ವರ್ಷ ಮಗಳು ಕಲಿಯೋಕೆ ಸೇರ್ತೀನಿ ಅಂತ ಬಂದ್ಲು. ಅಪ್ಪನ ಸಾಮಾನಲ್ಲೇ ಕಲೀತೀನಿ ಅಂದ್ಲು. ಎರಡು ಸಲ ಬಂದ್ಲು. ಕೊಟ್ಟದ್ದು ಕೊಟ್ಟಾಯ್ತು, ಅದು ಸಂಸ್ಥೆದು ಅಂದ್ರಂತೆ ನಿಮ್ಮಮ್ಮ. ಆಮೇಲೆ ಇವಳು ಚಪ್ಪಲಿ ಕಾರ್ಖಾನೆ ಸೇರ್ಕೊಂಡ್ಲು.”

ನಾನು ನೇರ ಆಫೀಸಿಗೆ ಬಂದು ನಿನ್ನ ಕಪಾಟು ತೆಗೆದೆ. ಆ ಹೆಂಗಸಿನ ಹಳದಿ ಕಾಗದದ ಪ್ರತಿ ಇಲ್ಲ. ಅದರ ಜಾಗದಲ್ಲಿ ಬಿಳಿ ಕಾಗದವಿದೆ, ‘ಶಾಶ್ವತ ದಾನ’ ಎಂದು. ಸಹಿ ಒಂದೇ ಓಟದಲ್ಲಿ ಬರೆದದ್ದು. ಹೀಗೆ ಹತ್ತು ಬಿಳಿ ಕಾಗದಗಳು, ಹತ್ತು ಮನೆಯವರು, ಎಲ್ಲದರ ಮೇಲೂ ಏಳು ವರ್ಷದ ಹಿಂದಿನ ಒಂದೇ ತಾರೀಖು. ಒಂದೇ ಪೆನ್ನು, ಏಳನೆಯದರ ಮಧ್ಯೆ ಶಾಯಿ ಮುಗಿಯುತ್ತ ಬಂದು, ಎಂಟನೆಯದಕ್ಕೆ ಮತ್ತೆ ಕಡುವಾಗಿದೆ. ಹತ್ತು ಮನೆಯವರು ಒಂದೇ ದಿನ ಒಂದೇ ಪೆನ್ನಿನಲ್ಲಿ ಒಬ್ಬರೇ ಬರೆದ ಹಾಗೆ ಸಹಿ ಮಾಡುತ್ತಾರೆಯೇ? ಉಳಿದ ಪೆಟ್ಟಿಗೆಗಳ ಕಾಗದಗಳಲ್ಲಿ ಕೈಯೂ ಬೇರೆ, ತಾರೀಖೂ ಬೇರೆ. ಸಾಕ್ಷಿಯ ಜಾಗದಲ್ಲಿ ಈ ಹತ್ತರಲ್ಲೂ ಕೀಲಿಯಕ್ಕನ ದುಂಡಗಿನ ಅಕ್ಷರ.

ನೀನು ಯಾರನ್ನು ಹಿಡಿದುಕೊಡಲು ನನ್ನನ್ನು ಕಳಿಸಿದೆ?

ಮಗಳು


ಜುಲೈ 10

ಅಮ್ಮಾ,

ನಿನ್ನೆಯ ಕಾಗದ ಅಂಚೆಗೆ ಹಾಕಿದ ಮೇಲೆ ಕಪಾಟಿನ ತಳದಲ್ಲಿ ಹನ್ನೊಂದನೆಯ ಬಿಳಿ ಕಾಗದ ಸಿಕ್ಕಿತು. ಪೆಟ್ಟಿಗೆ ನಂಬರು ಒಂದು. ಕೊಟ್ಟವರು ಅಪ್ಪ. ಸಹಿ ಅಪ್ಪನದು. ತಾರೀಖು ಸಂಸ್ಥೆ ಶುರುವಾದ ದಿನದ್ದು.

ಆ ದಿನಕ್ಕೆ ಅಪ್ಪ ಸತ್ತು ನಲವತ್ತೊಂದು ದಿನವಾಗಿತ್ತು.

ಉತ್ತರ ಬರೆ.


ಜುಲೈ 24

ಗೆಳತಿ,

ಈ ಕಾಗದ ಕೀಲಿಯಕ್ಕನದು. ನನ್ನ ಕೈಬರಹ ನಿನಗೆ ಗೊತ್ತಿದೆ, ಹನ್ನೊಂದು ಸಲ ಸಾಕ್ಷಿ ಹಾಕಿಸಿದವಳು ನೀನೇ.

ನಿನ್ನ ಮಗಳು ಹದಿನೈದು ದಿನದಿಂದ ಅಂಚೆಯವನ ದಾರಿ ನೋಡುತ್ತಿದ್ದಾಳೆ. ಅನ್ನ ಸೇರುತ್ತಿಲ್ಲ. ನನ್ನ ಹತ್ತಿರ ಬಂದು ಏನೂ ಕೇಳುವುದಿಲ್ಲ. ಉಗ್ರಾಣದ ಬಾಗಿಲಲ್ಲಿ ನಿಲ್ಲುತ್ತಾಳೆ, ಒಂದನೇ ನಂಬರಿನ ಪೆಟ್ಟಿಗೆ ನೋಡುತ್ತಾಳೆ, ಹೋಗುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ನಿನಗೆ ಬರೆಯುವ ಮನಸ್ಸು ನನಗಿರಲಿಲ್ಲ.

ಕಳ್ಳಿ ಅನ್ನುವುದಾದರೆ ಅನ್ನು. ಐದು ಮನೆಗೆ ಮುಟ್ಟಿಸಿದ್ದೇನೆ, ಇನ್ನು ಐದು ಉಳಿದಿವೆ. ಬೆತ್ತದವಳ ಮಗಳು ಎರಡನೇ ಸಲ ಬಂದು ನಿನ್ನ ಮೇಜಿನಿಂದ ವಾಪಸ್ ಹೋದಳಲ್ಲ, ಆ ದಿನ ನಾನು ಬಾಗಿಲ ಹೊರಗೆ ಇದ್ದೆ. ಅವಳು ಅಳಲಿಲ್ಲ. ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡಳು, ಎಷ್ಟು ಹೊತ್ತು ಅಂತೀ. ನನಗೆ ತಡೆಯಲಿಲ್ಲ. ಆ ಶನಿವಾರದಿಂದ ಶುರು ಮಾಡಿದೆ.

ನಿನ್ನನ್ನು ಒಬ್ಬಳನ್ನೇ ದೂರುವುದಿಲ್ಲ. ಅಂದು ನೀನು ಬರೆಯುತ್ತ ಹೋದೆ, ನಾನು ಸಾಕ್ಷಿ ಹಾಕುತ್ತ ಹೋದೆ. ಕಟ್ಟಡ ಕೊಟ್ಟವರು ಮರುದಿನ ಬರುತ್ತಾರೆ, ಸ್ವಂತದ ಹತ್ಯಾರಿಲ್ಲದ ಸಂಸ್ಥೆಗೆ ಜಾಗ ಇಲ್ಲ ಅಂತಾರೆ, ನಲವತ್ತು ಜನ ಬೀದಿಗೆ ಬೀಳುತ್ತಾರೆ ಅಂದೆ. ನಾನು ನಂಬಿದೆ. ಈಗಲೂ ಅದು ಸುಳ್ಳು ಅನ್ನಲಾರೆ. ಆದರೆ ಆಮೇಲಾದರೂ ಹತ್ತು ಮನೆಗೆ ಹೋಗಿ ಹೀಗೆ ಆಯಿತು ಅಂತ ಹೇಳಬಹುದಿತ್ತಲ್ಲ? ಏಳು ವರ್ಷ ಇತ್ತು.

ಒಂದನೇ ಪೆಟ್ಟಿಗೆ ನಾನು ಮುಟ್ಟಿಲ್ಲ. ಅದನ್ನು ನಾನು ಕೊಟ್ಟರೆ ಕೊಟ್ಟದ್ದು ಅಷ್ಟೇ ಆಗುತ್ತದೆ. ನೀನು ಕೊಡಬೇಕು, ಬಾಯಿ ಬಿಟ್ಟು ಕೊಡಬೇಕು.

ಕೀಲಿ


ಆಗಸ್ಟ್ 19

ಮಗಳೇ,

ಐದು ವಾರ ಬರೆಯಲಿಲ್ಲ. ಮೂರು ಸಲ ಬರೆದು ಹರಿದೆ. ಮೂರರಲ್ಲೂ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತಿದ್ದೆ.

ಪೆಟ್ಟಿಗೆ ಹಗುರಾದದ್ದು ಕಂಡ ದಿನವೇ ಅವು ಎಲ್ಲಿಗೆ ಹೋಗುತ್ತಿವೆ ಎಂದು ನನಗೆ ಗೊತ್ತಾಗಿತ್ತು. ಗೋಡೆಗೆ ನೇತುಹಾಕುವವರ ಕಥೆ ನಾನೇ ಕಟ್ಟಿದ್ದು. ಅವಳು ಬಾಯಿ ಬಿಡುವ ಮೊದಲು ಅವಳನ್ನು ಕಳ್ಳಿ ಮಾಡಿಬಿಟ್ಟರೆ ಅವಳ ಮಾತಿಗೆ ಬೆಲೆ ಇರುವುದಿಲ್ಲ ಎಂದುಕೊಂಡೆ. ಅದಕ್ಕೆ ನಿನ್ನನ್ನು ಬಳಸಿದೆ. ಕಡತ ಓದಬಲ್ಲವಳನ್ನೇ ಕಳಿಸಿದೆ ನೋಡು, ನನ್ನಷ್ಟು ಜಾಣೆ ಬೇರೆ ಯಾರಿದ್ದಾರೆ.

ಕಟ್ಟಡದ ವಿಷಯ ನಿಜ. ನಲವತ್ತು ಜನರ ವಿಷಯ ನಿಜ. ಇನ್ನೊಮ್ಮೆ ಅದೇ ಇಕ್ಕಟ್ಟು ಬಂದರೆ ಏನು ಮಾಡುತ್ತೇನೋ ಗೊತ್ತಿಲ್ಲ ಎಂಬುದೂ ನಿಜ.

ಇನ್ನು ನಿನ್ನ ಅಪ್ಪನದು.

ಆಸ್ಪತ್ರೆಯಲ್ಲಿ ಕೊನೆಯ ವಾರ ಅವನು ನನಗೆ ಒಂದೇ ಮಾತು ಹೇಳಿದ್ದು. “ಪೆಟ್ಟಿಗೆ ಅವಳಿಗೆ ಕೊಡು. ಮಾಡ್ತಾಳೋ, ಮಾರ್ಕೋತಾಳೋ, ಅವಳಿಷ್ಟ.” ನಿನಗೆ ಆಗ ಹದಿನಾಲ್ಕು. ಉದ್ಘಾಟನೆಯ ದಿನ ಹತ್ತಿರ ಬಂತು. ಉಗ್ರಾಣದಲ್ಲಿ ಬರೀ ಗೂಡುಗಳು, ಒಂದು ಸುತ್ತಿಗೆಯೂ ಇಲ್ಲ. ನಾನು ಮನೆಮನೆ ಅಲೆದು ಕೇಳಿದರೆ ಜನ ಕೇಳುತ್ತಿದ್ದರು, ನಿಮ್ಮ ಯಜಮಾನರದ್ದು ಎಲ್ಲಿ, ನೀವು ಕೊಟ್ಟಿರಾ ಎಂದು. ಕೊಟ್ಟೆ. ಸಹಿಯನ್ನೂ ನಾನೇ ಹಾಕಿದೆ. ಅವನದಕ್ಕೆ ಹಾಕುವಾಗ ಎರಡು ಹಾಳೆ ಹಾಳು ಮಾಡಿದೆ. ಹದಿನೈದು ವರ್ಷದ ಮೇಲೆ ಉಳಿದ ಹತ್ತಕ್ಕೆ ಹಾಕುವಾಗ ಒಂದೂ ಹಾಳಾಗಲಿಲ್ಲ.

ನೀನು ಬಂದು ಕೇಳಿದೆ, ಅಪ್ಪನ ಪೆಟ್ಟಿಗೆ ಎಲ್ಲಿ ಎಂದು. ಅಪ್ಪನೇ ಸಂಸ್ಥೆಗೆ ಕೊಟ್ಟು ಹೋದರು ಎಂದೆ. “ನನಗೆ ಒಂದು ಉಳೀನೂ ಇಟ್ಟಿಲ್ವಾ?” ಎಂದೆ ನೀನು. ಇಲ್ಲ ಎಂದೆ. ಆಮೇಲೆ ನೀನು ಕಾರ್ಯಾಗಾರದ ಕಡೆ ತಲೆ ಹಾಕಲಿಲ್ಲ. ನಾನು ಅದನ್ನು ಮರೆವು ಎಂದು ತಿಳಿದೆ. ತಿಳಿಯಲಿಲ್ಲ, ಹಾಗೆ ಅಂದುಕೊಂಡೆ.

ಇಪ್ಪತ್ತೆರಡು ವರ್ಷ ನೀನು ಅಪ್ಪನ ಮೇಲೆ ಮುನಿಸಿಕೊಂಡಿದ್ದು ನನಗೆ ಕಾಣುತ್ತಿತ್ತು. ಅವನ ಫೋಟೋ ನಿನ್ನ ಮನೆಯಲ್ಲಿ ಇಲ್ಲ. ನಾನು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ.

ಹತ್ತು ಮನೆಯವರನ್ನೂ ಕರೆ. ಅವರ ಮುಂದೆ ಓದಲು ಒಂದು ಕಾಗದ ಬರೆದು ಇದರೊಳಗೆ ಇಟ್ಟಿದ್ದೇನೆ. ನೀನು ಓದು.

ಅಮ್ಮ


ಆಗಸ್ಟ್ 25

ಅಮ್ಮಾ,

ಸಭೆ ಕರೆದಿದ್ದೇನೆ. ಸೆಪ್ಟೆಂಬರ್ 12, ಬೆಳಿಗ್ಗೆ ಹತ್ತಕ್ಕೆ, ಕಾರ್ಯಾಗಾರದಲ್ಲಿ.

ನಿನ್ನ ಕಾಗದ ನಾನು ಓದುವುದಿಲ್ಲ. ವಾಪಸ್ ಕಳಿಸುತ್ತಿದ್ದೇನೆ. ಇನ್ನೊಬ್ಬರ ಕೈಯಲ್ಲಿ ಮಾಡಿಸಿದ್ದು ಸಾಕು. ಡಾಕ್ಟರನ್ನು ಕೇಳಿದೆ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಬರಬಹುದಂತೆ. ಕಾರು ಕಳಿಸುತ್ತೇನೆ.

ಮಗಳು


ಸೆಪ್ಟೆಂಬರ್ 14

ಚಿಕ್ಕಮ್ಮಾ,

ಅಮ್ಮ ಸುಖವಾಗಿ ತಲುಪಿದರು. ಕಾರಿನಲ್ಲಿ ದಾರಿಯುದ್ದಕ್ಕೂ ಡ್ರೈವರನಿಗೆ ದಾರಿ ಹೇಳಿದರಂತೆ. ಸಭೆಯಲ್ಲಿ ಏನಾಯಿತು ಎಂದು ಬರೆಯಲು ಹೇಳಿದ್ದೀರಿ. ಅದರ ಹಿಂದಿನದೆಲ್ಲ ನಿಮಗೆ ಗೊತ್ತು ಎಂದುಕೊಂಡು ಬರೆಯುತ್ತೇನೆ. ಯಾವ ಗೋಂದೂ ನಿಮ್ಮ ಮುಂದೆ ನಿಲ್ಲುವುದಿಲ್ಲ ಎಂಬುದು ನಿಮ್ಮ ಕಾಗದದಿಂದಲೇ ಗೊತ್ತಾಯಿತು.

ಹತ್ತು ಮನೆಯವರಲ್ಲಿ ಏಳು ಮನೆಯವರು ಬಂದಿದ್ದರು. ಕಲಿಯುವವರೂ ಇದ್ದರು. ಮೇಷ್ಟ್ರು ಕೆಲಸದ ಹಲಗೆಗಳನ್ನು ಗೋಡೆಗೆ ಸರಿಸಿ ಬೆಂಚು ಹಾಕಿದ್ದರು. ಅಮ್ಮ ಊರುಗೋಲಿನ ಮೇಲೆ ಎದ್ದು ನಿಂತರು. ಕೂತುಕೊಂಡೇ ಹೇಳಿ ಎಂದೆವು, ಕೇಳಲಿಲ್ಲ. ಕೈಯಲ್ಲಿ ಅದೇ ಕಾಗದವಿತ್ತು. ಮೊದಲ ಸಾಲು ಓದಿದರು. ‘ಸಂಸ್ಥೆಯ ಹಿತದೃಷ್ಟಿಯಿಂದ’ ಎಂದು ಶುರುವಾಗುತ್ತಿತ್ತು. ಅಲ್ಲೇ ನಿಲ್ಲಿಸಿ ಕಾಗದ ಮಡಚಿದರು.

“ನಿಮ್ಮ ಸಹಿ ನಾನು ಹಾಕಿದೆ” ಅಂದರು. “ನೀವು ಎರವಲು ಕೊಟ್ಟದ್ದನ್ನ ದಾನ ಅಂತ ಬರ್ಕೊಂಡೆ. ನಿಮಗೆ ಹೇಳ್ಲಿಲ್ಲ.”

ಒಬ್ಬ ಮುದುಕರು, ಮಗನ ಪೆಟ್ಟಿಗೆ ಕೊಟ್ಟಿದ್ದವರು, ಎದ್ದು ಬಾಯಿಗೆ ಬಂದಂತೆ ಬೈದರು. ಬೈದು ಮುಗಿಸಿ, ಪೆಟ್ಟಿಗೆಯನ್ನು ತೆಗೆದುಕೊಳ್ಳದೆ, ನಮ್ಮ ನೀರನ್ನೂ ಮುಟ್ಟದೆ ಹೊರಟುಹೋದರು. ಅಮ್ಮ ತಡೆಯಲಿಲ್ಲ.

ಬೆತ್ತ ಹೆಣೆಯುವ ಹೆಂಗಸು ಕೂತಲ್ಲಿಂದಲೇ ಕೇಳಿದಳು. “ಒಂದು ಮಾತು ಹೇಳಿ. ಅವತ್ತು ನೀವು ನಮ್ಮನೆಗೆ ಬಂದಿರಲ್ಲ, ನನ್ನ ಬೆನ್ನು ಸವರಿದ್ರಲ್ಲ. ಅದು ನನಗೋಸ್ಕರನಾ, ಪೆಟ್ಟಿಗೆಗೋಸ್ಕರನಾ?”

ಅಮ್ಮ ಅವಳ ಕಡೆಗೆ ತಿರುಗಿದರು. “ಎರಡಕ್ಕೂ” ಅಂದರು.

ಆ ಹೆಂಗಸು ತಲೆಯಾಡಿಸಿದಳು. ಕ್ಷಮಿಸಿದೆ ಎಂದಲ್ಲ. ಕೇಳಿದ್ದಕ್ಕೆ ಉತ್ತರ ಸಿಕ್ಕಿತು ಎಂಬಂತೆ.

ಬೆತ್ತದವಳೂ ಸೇರಿ ನಾಲ್ಕು ಮನೆಯವರಿಗೆ ತಮ್ಮ ಸಾಮಾನು ಮನೆಯಲ್ಲೇ ಇರಲಿ ಅನಿಸಿತು. ಇಬ್ಬರು, ಇಲ್ಲೇ ಇರಲಿ, ಆದರೆ ಎರವಲು ಎಂದು ನಮ್ಮ ಕಣ್ಣ ಮುಂದೆ ಬರೆಯಿರಿ ಅಂದರು. ಬರೆದೆ, ತಾರೀಖು ಹಾಕಿ. ಬರದ ಮೂವರ ಮನೆಗೆ ಅಮ್ಮನೇ ಹೋಗಬೇಕು, ಕಾಲು ನೆಟ್ಟಗಾದ ಮೇಲೆ. ಕಟ್ಟಡದವರಿಗೂ ಬರೆದಿದ್ದೇವೆ. ಅವರು ಏನು ಹೇಳುತ್ತಾರೋ ಗೊತ್ತಿಲ್ಲ. ಅಮ್ಮ ಕಾರ್ಯದರ್ಶಿ ಸ್ಥಾನ ಬಿಟ್ಟಿದ್ದಾರೆ. ಜಾಗ ಹೋದರೆ ಬಸ್ ಶೆಡ್ಡಿನ ಹಿಂದಿನ ಓಣಿಯಲ್ಲೇ ಹಲಗೆ ಹಾಕೋಣ ಎಂದರು ಮೇಷ್ಟ್ರು. ಅವರು ನಿಜಕ್ಕೂ ಹೇಳಿದರೋ ತಮಾಷೆಗೋ ತಿಳಿಯಲಿಲ್ಲ.

ಎಲ್ಲ ಮುಗಿಯಿತು ಅಂದುಕೊಂಡಾಗ ಅಮ್ಮ, “ಇನ್ನೊಬ್ಬರಿದ್ದಾರೆ” ಅಂದರು. ನನ್ನ ಕಡೆ ತಿರುಗಲಿಲ್ಲ, ಜನರಿಗೇ ಹೇಳಿದರು. “ಮೊದಲನೇ ಪೆಟ್ಟಿಗೆ ನಮ್ಮ ಮನೇದು. ನನ್ನ ಯಜಮಾನರು ಮಗಳಿಗೆ ಬಿಟ್ಟದ್ದು. ಅವರು ಅವಳಿಗೆ ಏನೂ ಇಟ್ಟಿಲ್ಲ ಅಂತ ನಾನು ಸುಳ್ಳು ಹೇಳಿದೆ. ಅವರು ಅವಳನ್ನ ಬಿಟ್ಟು ಇನ್ಯಾರ ಹೆಸರೂ ಎತ್ತಲಿಲ್ಲ.”

ಚಿಕ್ಕಮ್ಮಾ, ಕಾಗದದಲ್ಲಿ ಓದಿದ್ದೇ ಅದು. ಆದರೂ ಕಿವಿಯಿಂದ ಕೇಳಿದಾಗ ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಉಗ್ರಾಣಕ್ಕೆ ಹೋದೆ. ಕೀಲಿಯಕ್ಕ ಹಿಂದೆ ಬಂದರು, ಪೆಟ್ಟಿಗೆಯ ಬೀಗ ತೆಗೆದರು, ನನ್ನನ್ನು ಒಬ್ಬಳನ್ನೇ ಬಿಟ್ಟು ಹೊರಗೆ ಹೋದರು. ಇಪ್ಪತ್ತೆರಡು ವರ್ಷ ಕಲಿಯುವವರ ಕೈಯಲ್ಲಿ ಓಡಾಡಿದ ಸಾಮಾನು. ಹಿಡಿಗಳು ಎರಡು ಸಲ ಬದಲಾಗಿವೆ, ಉಳಿಗಳು ಮಸೆದು ಮಸೆದು ಅರ್ಧವಾಗಿವೆ. ಅಪ್ಪನ ಕೈ ತಾಗಿದ್ದು ಎಂದು ಹೇಳಬಹುದಾದದ್ದು ಉಳಿದಿಲ್ಲ. ಅಪ್ಪನ ಮೇಲಿದ್ದ ಸಿಟ್ಟನ್ನು ಈಗ ಎಲ್ಲಿಡಬೇಕೋ ತಿಳಿಯದೆ ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಮುಖ ತೊಳೆದು ಹೊರಗೆ ಬಂದಾಗ ಜನ ಹೋಗಿದ್ದರು. ಅಮ್ಮ ಮತ್ತು ಕೀಲಿಯಕ್ಕ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ನಡುವೆ ಮೂವರು ಕೂರುವಷ್ಟು ಜಾಗ.

“ಕಾಲು ಹೇಗಿದೆ?” ಕೀಲಿಯಕ್ಕ ಕೇಳಿದರು, ಎದುರಿನ ಗೋಡೆಯನ್ನು ನೋಡುತ್ತ.

“ನೋಯ್ತಿದೆ.”

“ನೋಯ್ಲಿ” ಅಂದರು ಕೀಲಿಯಕ್ಕ. ಆಮೇಲೆ ಎದ್ದುಹೋಗಿ ಒಂದು ಮೊಟಕು ಸ್ಟೂಲು ತಂದು ಅಮ್ಮನ ಕಾಲ ಕೆಳಗೆ ಸರಿಸಿದರು.

ನಾನು ಇನ್ನೂ ಅಮ್ಮನ ಜೊತೆ ಮಾತಾಡಿಲ್ಲ. ಮಾತ್ರೆ ತಗೋ, ಎದ್ದೇಳು, ಇಷ್ಟೇ. ಮಧ್ಯಾಹ್ನದ ನಿದ್ದೆಯಲ್ಲಿದ್ದಾರೆ, ಪಕ್ಕದ ಕೋಣೆಯಲ್ಲಿ. ಈಗ ಮಂಚ ಕಿರುಗುಟ್ಟಿತು. ಊರುಗೋಲಿಗೆ ಕೈ ಚಾಚುತ್ತಿರಬೇಕು. ಕರೆಯುತ್ತಾರೋ ಎಂದು ಕಾದೆ, ಕರೆಯುತ್ತಿಲ್ಲ. ತಾನಾಗಿಯೇ ಏಳಲು ಒದ್ದಾಡುತ್ತಿದ್ದಾರೆ. ಹೋಗುತ್ತೇನೆ ಚಿಕ್ಕಮ್ಮಾ, ಬೀಳಬಾರದು.

ನಿಮ್ಮ ಅಕ್ಕನ ಮಗಳು